ಕ್ಯಾನ್ಸರ್‌ನಿಂದ ‘ಗುಣವಾಗುವವರು ಶೇ. 60’ ಎಂಬ ಅಂಕಿ ಹೇಗೆ ಹುಟ್ಟುತ್ತದೆ, ಯಾರಿಗೆ ಅನ್ವಯಿಸುತ್ತದೆ?

ಪ್ರಶ್ನೆ: ನನ್ನ ಅಕ್ಕನಿಗೆ 51 ವರ್ಷ. ನಾಲ್ಕು ವರ್ಷಗಳ ಹಿಂದೆ ಮೂರನೇ ಹಂತದ ದೊಡ್ಡಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯೂ ಆಮೇಲೆ ಕೀಮೋಥೆರಪಿಯೂ ಆದವು. ಅಂದಿನಿಂದ ಯಾವ ಪರೀಕ್ಷೆಯಲ್ಲೂ ರೋಗ ಕಂಡಿಲ್ಲ. ಐದು ವರ್ಷ ದಾಟಿದರೆ ಗುಣವಾದಂತೆಯೇ ಎಂದು ಎಲ್ಲರೂ ಹೇಳುತ್ತಾರೆ. ವೈದ್ಯರು ಮಾತ್ರ ‘ಗುಣವಾಗಿದೆ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ನಾನು ಓದಿದ ಸಂಶೋಧನಾ ಲೇಖನವೊಂದು, ಗುಣವಾದವರ ಪಾಲನ್ನು ಅಂದಾಜಿಸುವ ‘ಕ್ಯೂರ್ ಮಾಡೆಲ್’ ಎಂಬ ಗಣಿತದ ಮಾದರಿ ಬಳಸಿ, ಇಂಥ ರೋಗಿಗಳಲ್ಲಿ ಸುಮಾರು ಶೇ. 60 ಮಂದಿ ಗುಣವಾಗುತ್ತಾರೆ ಎಂದಿತು. ಅದೇ ಲೇಖನದಲ್ಲಿ, ಅದೇ ರೋಗಿಗಳ ಮಾಹಿತಿಗೆ ಇನ್ನೊಂದು ಮಾದರಿಯನ್ನು ಹೊಂದಿಸಿದಾಗ ಅಂಕಿ ಶೇ. 50ರ ಹತ್ತಿರ ಬಂದಿತ್ತು. ಅಕ್ಕ ಗುಣವಾಗಿರುವ ಸಾಧ್ಯತೆ 60 ಎನ್ನಬೇಕೆ, 50 ಎನ್ನಬೇಕೆ? ಯಾರು ಗುಣವಾದರೆಂದು ಗೊತ್ತೇ ಇಲ್ಲದಿರುವಾಗ ಈ ಲೆಕ್ಕವನ್ನು ಮಾಡುವುದಾದರೂ ಹೇಗೆ? ಮುಂದಿನ ವರ್ಷದಿಂದ ಪರೀಕ್ಷೆಗಳನ್ನು ನಿಲ್ಲಿಸಬಹುದೆ ಎಂದೂ ಅಕ್ಕ ಕೇಳುತ್ತಿದ್ದಾಳೆ.

ಉತ್ತರ: ನಿಮ್ಮ ಪ್ರಶ್ನೆಗಳು ಹಲವಿದ್ದರೂ ಅವುಗಳ ಹಿಂದಿನ ಆತಂಕ ಒಂದೇ ಎಂದು ನನಗನ್ನಿಸುತ್ತದೆ: ಅಕ್ಕನ ಬಗ್ಗೆ ನಿಶ್ಚಿಂತೆಯಿಂದ ಇರಬಹುದೆ, ಇರಬಹುದಾದರೆ ಯಾವ ಅಂಕಿಯನ್ನು ನಂಬಿ? ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅವರಿಗೆ ಅನ್ವಯಿಸುವುದು 60 ಅಲ್ಲ, 50 ಕೂಡ ಅಲ್ಲ. ಆ ಎರಡೂ ಅಂಕಿಗಳು ಚಿಕಿತ್ಸೆಯ ಆರಂಭದಲ್ಲಿದ್ದ ಇಡೀ ಗುಂಪಿಗೆ ಸೇರಿದವು. ರೋಗ ಮರುಕಳಿಸದೆ ನಾಲ್ಕು ವರ್ಷ ಕಳೆದವರ ಅಂಕಿ ಅದಕ್ಕಿಂತ ಮೇಲಿರುತ್ತದೆ, ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಂತೂ ಗಣನೀಯವಾಗಿ ಮೇಲಿರುತ್ತದೆ. ಎಷ್ಟು ಮೇಲೆ ಎಂಬುದು ಮಾತ್ರ ನೀವು ಗಮನಿಸಿದ ಆ ಎರಡು ಮಾದರಿಗಳ ಜಗಳಕ್ಕೇ ಹೋಗಿ ನಿಲ್ಲುತ್ತದೆ. ಇನ್ನೊಂದು ಮಾತು: ನಾನು ಕ್ಯಾನ್ಸರ್ ರೋಗಿಗಳ ದಾಖಲೆಗಳನ್ನು ವಿಶ್ಲೇಷಿಸುವ ಸಂಖ್ಯಾಶಾಸ್ತ್ರಜ್ಞ, ವೈದ್ಯನಲ್ಲ. ಆದ್ದರಿಂದ ಅಂಕಿಗಳ ವಿಷಯದಲ್ಲಿ ಬಿಚ್ಚಿ ಹೇಳುತ್ತೇನೆ, ಪರೀಕ್ಷೆಗಳ ವಿಷಯದಲ್ಲಿ ಅವರ ವೈದ್ಯರ ಮಾತೇ ಕೊನೆಯದು.

ಮೊದಲು ಐದು ವರ್ಷದ ಗಡಿಯ ಬಗ್ಗೆ. ಐದು ವರ್ಷ ಎಂಬುದು ಬೇರೆ ಬೇರೆ ಕಡೆಯ ಫಲಿತಾಂಶಗಳನ್ನು ಹೋಲಿಸಲು ಅನುಕೂಲವಾಗಲೆಂದು ಬಳಕೆಗೆ ಬಂದ ಅಳತೆ. ದೇಹದೊಳಗೆ ಅಂಥ ಗಡಿಯೇನೂ ಇಲ್ಲ. ನಾಲ್ಕು ವರ್ಷ ಹನ್ನೊಂದು ತಿಂಗಳಿನಲ್ಲಿ ಇದ್ದ ಅಪಾಯ ಐದು ವರ್ಷ ಒಂದು ತಿಂಗಳಿಗೆ ಮಾಯವಾಗುವುದಿಲ್ಲ. ಆದರೂ ಆ ಮಾತು ಪೂರ್ತಿ ಪೊಳ್ಳಲ್ಲ. ಕೆಲವು ಕ್ಯಾನ್ಸರ್‌ಗಳು ಮರುಕಳಿಸುವುದಾದರೆ ಬೇಗನೆ ಮರುಕಳಿಸುತ್ತವೆ, ದೊಡ್ಡಕರುಳಿನದು ಆ ಬಗೆಯದು: ಬಹುಪಾಲು ಮರುಕಳಿಕೆಗಳು ಮೊದಲ ಮೂರು ವರ್ಷಗಳೊಳಗೇ ಕಾಣಿಸಿಕೊಳ್ಳುತ್ತವೆ, ಐದು ವರ್ಷದ ನಂತರ ವಿರಳ. ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ ಎಂಬ, ಬಿಳಿ ರಕ್ತಕಣಗಳ ಕ್ಯಾನ್ಸರ್‌ನಲ್ಲಿ ಕಾಲ ಇನ್ನೂ ಚಿಕ್ಕದು. ರೋಗ ಪತ್ತೆಯಾಗಿ ಎರಡು ವರ್ಷ ಯಾವ ತೊಂದರೆಯೂ ಇಲ್ಲದೆ ಕಳೆದವರ ಮುಂದಿನ ಆಯುಷ್ಯ ಅದೇ ವಯಸ್ಸಿನ ಸಾಮಾನ್ಯ ಜನರದಕ್ಕೆ ಹೆಚ್ಚುಕಡಿಮೆ ಸಮ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇದಕ್ಕೆ ತದ್ವಿರುದ್ಧ ನಡೆ, ಕೋಶಗಳಲ್ಲಿ ಈಸ್ಟ್ರೋಜನ್ ಹಾರ್ಮೋನಿನ ಗ್ರಾಹಕವಿರುವ ಸ್ತನ ಕ್ಯಾನ್ಸರಿನದು. 62,923 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿದ್ದವರೆಲ್ಲ ಐದು ವರ್ಷ ಹಾರ್ಮೋನ್ ಚಿಕಿತ್ಸೆ ಪಡೆದು, ಐದನೇ ವರ್ಷದಲ್ಲಿ ರೋಗವಿಲ್ಲದೆ ಇದ್ದವರು. ಜನರ ಮಾತಿನಂತೆ ನೋಡಿದರೆ ಅವರೆಲ್ಲರೂ ಗುಣವಾದವರೇ. ಆದರೆ ಐದರಿಂದ ಇಪ್ಪತ್ತನೇ ವರ್ಷದವರೆಗೂ ಮರುಕಳಿಕೆ ಒಂದೇ ಹದದಲ್ಲಿ ಸಾಗಿತು. ಗಡ್ಡೆ ಚಿಕ್ಕದಿದ್ದು ದುಗ್ಧಗ್ರಂಥಿಗಳಿಗೆ ಹರಡದಿದ್ದವರಲ್ಲೂ ಆ ಹದಿನೈದು ವರ್ಷಗಳಲ್ಲಿ ದೂರದ ಅಂಗಕ್ಕೆ ರೋಗ ಹರಡುವ ಅಪಾಯ ಶೇ. 13 ಇತ್ತು, ಗಡ್ಡೆ ದೊಡ್ಡದಿದ್ದು ನಾಲ್ಕರಿಂದ ಒಂಬತ್ತು ಗ್ರಂಥಿಗಳಿಗೆ ಹರಡಿದ್ದವರಲ್ಲಿ ಶೇ. 41. ‘ಐದು ವರ್ಷ ದಾಟಿತು’ ಎಂಬ ಒಂದೇ ಮಾತು ಒಂದು ಕಾಯಿಲೆಯಲ್ಲಿ ಬಹುತೇಕ ನಿಜವಾಗಿ, ಇನ್ನೊಂದರಲ್ಲಿ ಅಪಾಯಕಾರಿ ಸಮಾಧಾನವಾಗಿ ಬಿಡುತ್ತದೆ.

ಇನ್ನು, ಯಾರು ಗುಣವಾದರೆಂದು ತಿಳಿಯದೆ ಗುಣವಾದವರ ಪಾಲನ್ನು ಲೆಕ್ಕ ಹಾಕುವುದು ಹೇಗೆ ಎಂಬ ನಿಮ್ಮ ಪ್ರಶ್ನೆ. ಇದು ತುಂಬಾ ಸರಿಯಾದ ಅನುಮಾನ. ಒಬ್ಬ ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ಈತ ಗುಣವಾಗಿದ್ದಾನೆ ಎಂದು ಯಾವ ಸಂಖ್ಯಾಶಾಸ್ತ್ರವೂ ಹೇಳಲಾರದು. ಗುಂಪಿನ ನಡೆಯನ್ನು ನೋಡಿ ಅದು ಊಹಿಸುತ್ತದೆ, ಅಷ್ಟೆ. ರೋಗಿಗಳನ್ನು ವರ್ಷಾನುವರ್ಷ ಗಮನಿಸಿ, ಎಷ್ಟು ಮಂದಿ ಮರುಕಳಿಕೆಯಿಲ್ಲದೆ ಉಳಿದರೆಂದು ಗೆರೆ ಎಳೆಯುತ್ತಾರೆ. ಆ ಗೆರೆ ಮೊದಲು ಕಡಿದಾಗಿ ಇಳಿದು, ಆಮೇಲೆ ನಿಧಾನವಾಗಿ, ಕೊನೆಗೆ ಒಂದು ಎತ್ತರದಲ್ಲಿ ಮಟ್ಟಸವಾಗಿ ನಿಂತುಬಿಟ್ಟರೆ, ಗುಂಪಿನಲ್ಲಿ ಎರಡು ಬಗೆಯ ಜನರಿದ್ದಾರೆಂದು ಭಾವಿಸಲು ಕಾರಣ ಸಿಗುತ್ತದೆ: ರೋಗ ಎಂದೂ ಮರಳದವರು, ಇಂದಲ್ಲ ನಾಳೆ ಮರಳುವವರು. ಇದನ್ನು ಗಣಿತಕ್ಕೆ ಇಳಿಸಿದವರಲ್ಲಿ ಮೊದಲಿಗರು ಬ್ರಿಟನ್ನಿನ ಜೆ. ಡಬ್ಲ್ಯು. ಬೋಗ್, 1949ರಲ್ಲಿ. 1952ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಜೋಸೆಫ್ ಬರ್ಕ್‌ಸನ್ ಮತ್ತು ರಾಬರ್ಟ್ ಗೇಜ್ ಅದನ್ನು ಮುಂದುವರಿಸಿದರು. ಇಂದಿಗೂ ಬಳಕೆಯಲ್ಲಿರುವ ‘ಮಿಶ್ರ ಕ್ಯೂರ್ ಮಾದರಿ’ಯ ತಿರುಳು ಅದೇ. ಯಾವುದೇ ದಿನ ರೋಗವಿಲ್ಲದೆ ಇರುವವರೆಂದರೆ, ಗುಣವಾದವರೆಲ್ಲರೂ, ಅವರ ಜೊತೆಗೆ ಗುಣವಾಗದಿದ್ದರೂ ಇನ್ನೂ ಮರುಕಳಿಕೆ ಕಾಣದವರೂ. ಮೊದಲ ಪಾಲು ಬದಲಾಗುವುದಿಲ್ಲ, ಎರಡನೆಯದು ಕಾಲ ಕಳೆದಂತೆ ಸೊನ್ನೆಯತ್ತ ಕರಗುತ್ತದೆ. ಗಮನಿಸಿದ ಗೆರೆಗೆ ಚೆನ್ನಾಗಿ ಹೊಂದುವ ಹಾಗೆ ಈ ಎರಡನ್ನೂ ಕಂಪ್ಯೂಟರ್ ಅಂದಾಜಿಸುತ್ತದೆ.

ಈ ಗಣಿತಕ್ಕೆ ಜೀವಶಾಸ್ತ್ರದ ಒಡಲು ಕೊಟ್ಟ ಇನ್ನೊಂದು ಮಾದರಿಯೂ ಇದೆ. 1996ರಲ್ಲಿ ಯಾಕೊವ್ಲೆವ್ ಮತ್ತು ಸೋಡಿಕೊವ್ ಬೆಳೆಸಿದ ವಾದದ ಪ್ರಕಾರ, ಚಿಕಿತ್ಸೆಯ ನಂತರ ಮತ್ತೆ ಗಡ್ಡೆಯಾಗಿ ಬೆಳೆಯಬಲ್ಲ ಕೋಶಗಳು ದೇಹದಲ್ಲಿ ಕೆಲವು ಉಳಿದಿರಬಹುದು, ಒಂದೂ ಉಳಿಯದೆಯೂ ಇರಬಹುದು. ಒಂದೂ ಉಳಿಯದವರೇ ಗುಣವಾದವರು. ಅಂಥ ಕೋಶಗಳು ಒಬ್ಬರಿಗೆ ಸರಾಸರಿ ಅರ್ಧದಂತೆ, ಯಾರಲ್ಲಿ ಎಷ್ಟೆಂಬ ಕ್ರಮವಿಲ್ಲದೆ ಉಳಿದಿವೆ ಎಂದುಕೊಂಡರೆ, ಕೆಲವರಲ್ಲಿ ಒಂದಕ್ಕಿಂತ ಹೆಚ್ಚು ಇರುವುದರಿಂದ ಒಂದೂ ಉಳಿಯದವರ ಪಾಲು ಶೇ. 61 ಆಗುತ್ತದೆ. ಅರ್ಧ ಕೋಶ ಎಂಬುದು ಇಲ್ಲವೆಂದು ನಗಬೇಡಿ, ಸರಾಸರಿಗಳ ಲೋಕದಲ್ಲಿ ಅದಕ್ಕೂ ಜಾಗವಿದೆ.

ಈಗ ನಿಮ್ಮ ಅಕ್ಕನ ವಿಷಯಕ್ಕೆ ಬರೋಣ. ನಾನು ಆ ಲೇಖನವನ್ನು ನೋಡಿಲ್ಲವಾದ್ದರಿಂದ ನೀವು ಕೊಟ್ಟ 60ನ್ನು ಇಟ್ಟುಕೊಂಡು ಒಂದು ಕಾಲ್ಪನಿಕ ಲೆಕ್ಕ ಮಾಡುತ್ತೇನೆ. ಚಿಕಿತ್ಸೆ ಮುಗಿಸಿದ ನೂರು ಮಂದಿಯಲ್ಲಿ 60 ಮಂದಿ ಗುಣವಾದವರು, 40 ಮಂದಿಗೆ ರೋಗ ಮರಳಲಿದೆ ಎಂದುಕೊಳ್ಳಿ. ಆ 40ರಲ್ಲಿ 36 ಮಂದಿಗೆ ನಾಲ್ಕು ವರ್ಷಗಳೊಳಗೆ ಮರುಕಳಿಸಿತು. ಉಳಿದವರು 64 ಮಂದಿ. ನಿಮ್ಮ ಅಕ್ಕ ಈಗ ಸೇರಿರುವುದು ಈ 64ರ ಗುಂಪಿಗೆ, ಆರಂಭದ ನೂರರ ಗುಂಪಿಗಲ್ಲ. ಇವರಲ್ಲಿ 60 ಮಂದಿ ಗುಣವಾದವರು, ಅಂದರೆ ಶೇ. 94ರ ಹತ್ತಿರ. ಚಿಕಿತ್ಸೆಯೂ ರೋಗವೂ ಮೊದಲಿನವೇ. ನಾಲ್ಕು ವರ್ಷ ಕಳೆದದ್ದೇ ಹೊಸ ಮಾಹಿತಿ, ಅದು ಅಂಕಿಯನ್ನು 60ರಿಂದ 94ಕ್ಕೆ ಏರಿಸಿತು. ಬದಲಿಗೆ, ಮರುಕಳಿಕೆ ನಿಧಾನವಾಗಿ ಬರುವ ಕಾಯಿಲೆಯಾಗಿದ್ದು, ಆ 40ರಲ್ಲಿ 20 ಮಂದಿಗೆ ಮಾತ್ರ ನಾಲ್ಕು ವರ್ಷಗಳೊಳಗೆ ಮರಳಿತೆನ್ನಿ. ಆಗ ಉಳಿದ 80ರಲ್ಲಿ 60, ಅಂದರೆ ಶೇ. 75 ಮಾತ್ರ. ನಾಲ್ಕು ವರ್ಷಗಳ ಬೆಲೆ ಎಲ್ಲ ಕ್ಯಾನ್ಸರ್‌ಗಳಲ್ಲೂ ಒಂದೇ ಅಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಆದರೆ 94 ಎಂಬುದನ್ನು ಬರೆದಿಟ್ಟುಕೊಳ್ಳುವ ಮುನ್ನ ನೀವು ಓದಿದ ಲೇಖನದಲ್ಲಿ ಶೇ. 50 ಎಂದ ಎರಡನೆಯ ಮಾದರಿಯನ್ನು ನೋಡಬೇಕು. ಅದೂ ಅದೇ ರೋಗಿಗಳ ಗೆರೆಗೇ ಹೊಂದಿಕೊಂಡದ್ದು. ಆದ್ದರಿಂದ ನಾಲ್ಕನೇ ವರ್ಷದ ಹೊತ್ತಿಗೆ ಉಳಿದವರು 64 ಎಂಬುದರಲ್ಲಿ ಅದಕ್ಕೆ ತಕರಾರಿಲ್ಲ. ಈ 64ರಲ್ಲಿ ಗುಣವಾದವರು 60 ಅಲ್ಲ, 50. ಉಳಿದ 14 ಮಂದಿಗೆ ರೋಗ ಮುಂದೆ ಮರಳಲಿದೆ ಎಂದು ಅದು ಹೇಳುತ್ತದೆ. ಆಗ ಅಂಕಿ ಶೇ. 78. ಎರಡು ಮಾದರಿಗಳು ಈವರೆಗೆ ನಡೆದದ್ದರ ಬಗ್ಗೆ ಸಂಪೂರ್ಣವಾಗಿ ಒಪ್ಪುತ್ತವೆ. ಯಾರೂ ಇನ್ನೂ ಸಾಕಷ್ಟು ನೋಡಿರದ ಗೆರೆಯ ಬಾಲದ, ಅಂದರೆ ಕೊನೆಯ ವರ್ಷಗಳ ಭಾಗದ ಬಗ್ಗೆ ಬೇರೆ ಬೇರೆ ಮಾತನಾಡುತ್ತವೆ. ಸಾಮಾನ್ಯವಾಗಿ ಇದರ ಕಾರಣ, ಗುಣವಾಗದವರಲ್ಲಿ ರೋಗ ಮರಳುವ ಕಾಲಕ್ಕೆ ಆರಿಸಿಕೊಂಡ ಗಣಿತದ ಆಕಾರ. ವೈಬುಲ್ ಹಂಚಿಕೆ ಎಂಬ ಆಕಾರವನ್ನು ಹಾಕಿದರೆ ತಡವಾದ ಮರುಕಳಿಕೆಗಳು ಬೇಗನೆ ಮುಗಿದುಹೋಗುವಂತೆ ಹೊಂದಿಕೆಯಾಗುವುದು ವಾಡಿಕೆ, ಹಾಗಾಗಿ ಗುಣವಾದವರ ಪಾಲು ಹೆಚ್ಚು. ಬೋಗ್ ಬಳಸಿದ್ದ ಲಾಗ್‌ನಾರ್ಮಲ್ ಹಂಚಿಕೆಯ ಬಾಲ ಉದ್ದ; ಅದು ಇನ್ನೂ ಬರಬೇಕಾದ ಮರುಕಳಿಕೆಗಳಿಗೆ ಜಾಗ ಕಾಯ್ದಿರಿಸುತ್ತದೆ, ಹಾಗಾಗಿ ಪಾಲು ಕಡಿಮೆ. ಸಂಶೋಧಕರು ಎರಡನ್ನೂ ಪ್ರಕಟಿಸಿದ್ದರೆ ಅದು ಅವರ ಗೊಂದಲವಲ್ಲ, ಪ್ರಾಮಾಣಿಕತೆ. ಒಂದೇ ಮಾದರಿಯನ್ನು ಹೊಂದಿಸಿ, ದಶಮಾಂಶದ ನಂತರ ಎರಡು ಅಂಕಿ ಕೊಟ್ಟು ಮುಗಿಸುವ ಲೇಖನಗಳ ಬಗ್ಗೆಯೇ ನನಗೆ ಹೆಚ್ಚು ಅನುಮಾನ.

ಹಾಗಾದರೆ ಯಾವುದನ್ನು ನಂಬುವುದು? ತೀರ್ಪು ಕೊಡಬೇಕಾದದ್ದು ಗಣಿತವಲ್ಲ, ಹೆಚ್ಚು ಕಾಲದ ಫಾಲೋಅಪ್. ನಾಲ್ಕು ವರ್ಷದ ನಂತರ 64ರಲ್ಲಿ 14 ಮಂದಿಗೆ ರೋಗ ಮರಳುತ್ತದೆಯೆ ಎಂಬುದನ್ನು ಹತ್ತು ವರ್ಷ ಗಮನಿಸಿದ ಮಾಹಿತಿ ಇದ್ದರೆ ನೋಡಿಯೇ ಹೇಳಬಹುದು. ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ತಡವಾದ ಮರುಕಳಿಕೆಗಳು ಅಷ್ಟೊಂದಿಲ್ಲ ಎಂಬುದು ದೀರ್ಘಕಾಲದ ಅಧ್ಯಯನಗಳಿಂದ ತಿಳಿದಿರುವುದರಿಂದ, ನಿಮ್ಮ ಅಕ್ಕನ ಮಟ್ಟಿಗೆ ನಾನು ಮೊದಲ ಚಿತ್ರಕ್ಕೇ ಹತ್ತಿರ ನಿಲ್ಲುತ್ತೇನೆ. ಇದೇ ಎರಡು ಅಂಕಿಗಳು ಸ್ತನ ಕ್ಯಾನ್ಸರಿನ ಲೇಖನದಲ್ಲಿ ಬಂದಿದ್ದರೆ ನನ್ನ ಒಲವು ಎರಡನೆಯದರ ಕಡೆಗಿರುತ್ತಿತ್ತು.

ಇಂಥ ಲೇಖನಗಳನ್ನು ಓದುವಾಗ ಗೆರೆಯ ಎತ್ತರಕ್ಕಿಂತ ಮೊದಲು ಅದರ ಬಾಲದಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂದು ನೋಡುವುದು ಒಳ್ಳೆಯದು. 1958ರಲ್ಲಿ ಎಡ್ವರ್ಡ್ ಕ್ಯಾಪ್ಲನ್ ಮತ್ತು ಪಾಲ್ ಮೈಯರ್ ತೋರಿಸಿಕೊಟ್ಟ ವಿಧಾನದಲ್ಲೇ ಈ ಗೆರೆಗಳನ್ನು ಎಳೆಯುತ್ತಾರೆ. ಅಧ್ಯಯನಕ್ಕೆ ಮೊನ್ನೆ ಸೇರಿದವರು, ಊರು ಬಿಟ್ಟು ಹೋದವರು, ಆಸ್ಪತ್ರೆಗೆ ಮತ್ತೆ ಬಾರದವರು, ಇವರೆಲ್ಲರ ಕಥೆ ಅರ್ಧಕ್ಕೇ ನಿಂತಿರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸೆನ್ಸಾರಿಂಗ್ ಎನ್ನುತ್ತಾರೆ. ಅವರು ಇದ್ದಷ್ಟು ಕಾಲದ ಮಾಹಿತಿಯನ್ನು ವ್ಯರ್ಥ ಮಾಡದೆ ಬಳಸಿಕೊಂಡದ್ದೇ ಆ ವಿಧಾನದ ಜಾಣ್ಮೆ. ಆದರೆ ಬಾಲದ ಕಡೆಗೆ ಹೋದಂತೆ ಎಣಿಕೆಯಲ್ಲಿ ಉಳಿಯುವವರು ಬೆರಳೆಣಿಕೆಯಷ್ಟಾಗುತ್ತಾರೆ. ಎಂಟನೇ ವರ್ಷದಲ್ಲಿ ಗೆರೆ ಶೇ. 40ರಲ್ಲಿ ಮಟ್ಟಸವಾಗಿ ನಿಂತಿದೆ, ಅದರ ಕೆಳಗೆ ಉಳಿದವರು ಆರೇ ಮಂದಿ ಎನ್ನಿ. ಅವರಲ್ಲಿ ಒಬ್ಬರಿಗೆ ರೋಗ ಮರಳಿದರೆ ಗೆರೆ ಒಮ್ಮೆಗೇ ಶೇ. 33ಕ್ಕೆ ಬೀಳುತ್ತದೆ. ಗೆರೆ ಮಟ್ಟಸವಾಗಿರುವುದು ಗುಣವಾದವರು ಇದ್ದಾರೆಂಬುದಕ್ಕೋ, ನೋಡಲು ಯಾರೂ ಉಳಿದಿಲ್ಲವೆಂಬುದಕ್ಕೋ ಎಂದು ಚಿತ್ರವಷ್ಟನ್ನೇ ನೋಡಿ ಹೇಳಲಾಗದು. ಕೊನೆಯ ಮರುಕಳಿಕೆಯ ನಂತರವೂ ಹಲವು ವರ್ಷ, ಹಲವು ಮಂದಿಯನ್ನು ಗಮನಿಸಿದ್ದರೆ ಮಾತ್ರ ಆ ಮಟ್ಟಸಕ್ಕೆ ಅರ್ಥ. ಮೂರು ವರ್ಷದ ಫಾಲೋಅಪ್ ಇಟ್ಟುಕೊಂಡು ಕ್ಯೂರ್ ಮಾಡೆಲ್ ಹೊಂದಿಸಿದರೆ ಕಂಪ್ಯೂಟರ್ ಬೇಡ ಎನ್ನುವುದಿಲ್ಲ, ಒಂದು ಅಂಕಿಯನ್ನು ಕೊಟ್ಟೇ ಕೊಡುತ್ತದೆ. ಆ ಅಂಕಿಯಲ್ಲಿ ಇರುವುದು ಮಾಹಿತಿಗಿಂತ ಹೆಚ್ಚಾಗಿ ಮಾದರಿ ಕಟ್ಟಿದವರ ನಂಬಿಕೆ.

ಇಷ್ಟು ದೋಷಗಳಿದ್ದರೆ ಇಂಥ ಮಾದರಿಗಳೇ ಏಕೆ ಎಂದು ನೀವು ಕೇಳಬಹುದು. ಡೇವಿಡ್ ಕಾಕ್ಸ್ 1972ರಲ್ಲಿ ಕೊಟ್ಟ ಮಾದರಿ ಇಂದಿಗೂ ಈ ಕ್ಷೇತ್ರದ ದಿನನಿತ್ಯದ ಉಪಕರಣ. ಒಂದು ಚಿಕಿತ್ಸೆ ಇನ್ನೊಂದಕ್ಕಿಂತ ಅಪಾಯವನ್ನು ಎಷ್ಟು ಪಟ್ಟು ತಗ್ಗಿಸಿತೆಂದು ಅದು ಹೇಳುತ್ತದೆ, ಆ ಪ್ರಮಾಣ ಕಾಲದುದ್ದಕ್ಕೂ ಒಂದೇ ಎಂದು ಸಾಮಾನ್ಯವಾಗಿ ಭಾವಿಸುತ್ತದೆ. ಔಷಧಿ ರೋಗವನ್ನು ಕೆಲವು ತಿಂಗಳು ಮುಂದೂಡಿತೆ, ಕೆಲವರನ್ನು ಅದರಿಂದ ಪೂರ್ತಿ ಬಿಡಿಸಿತೆ ಎಂಬ ವ್ಯತ್ಯಾಸ ಅದರಲ್ಲಿ ಕಾಣುವುದಿಲ್ಲ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಬಹಳ ಮುಂದುವರಿದ ಮೇಲೆ ಇಪಿಲಿಮುಮಾಬ್ ಎಂಬ ಔಷಧಿ ಪಡೆದ 1,861 ಮಂದಿಯ ಮಾಹಿತಿಯನ್ನು 2015ರಲ್ಲಿ ಒಟ್ಟಾಗಿ ವಿಶ್ಲೇಷಿಸಿದಾಗ, ಅರ್ಧದಷ್ಟು ಮಂದಿ ಒಂದು ವರ್ಷವೂ ತುಂಬುವ ಮುನ್ನ, 11.4 ತಿಂಗಳೊಳಗೆ ತೀರಿಕೊಂಡಿದ್ದರು. ಆದರೆ ಗೆರೆ ಮೂರನೇ ವರ್ಷದ ಹೊತ್ತಿಗೆ ಶೇ. 21ರ ಸುಮಾರಿನಲ್ಲಿ ನಿಂತಿತು. ಕೆಲವರನ್ನು ಹತ್ತು ವರ್ಷದವರೆಗೆ ಗಮನಿಸಿದರೂ ಅದು ಹೆಚ್ಚೇನೂ ಇಳಿಯಲಿಲ್ಲ. 11.4 ತಿಂಗಳೆಂಬ ಅಂಕಿಯನ್ನಷ್ಟೇ ಓದಿದವರಿಗೆ ಆ ಐದನೇ ಒಂದು ಭಾಗದ ಜನ ಕಾಣಿಸುವುದೇ ಇಲ್ಲ. ಗುಣವಾದವರ ಪಾಲು, ಗುಣವಾಗದವರು ಬದುಕುವ ಕಾಲ ಎಂಬ ಎರಡನ್ನೂ ಬೇರ್ಪಡಿಸಿ ತೋರಿಸುವುದೇ ಕ್ಯೂರ್ ಮಾದರಿಯ ನಿಜವಾದ ಉಪಯೋಗ.

ಹಿರಿಯ ವಯಸ್ಸಿನವರ ಗೆರೆ ಎಂದೂ ಮಟ್ಟಸವಾಗದು ಎಂಬುದನ್ನೂ ಸೇರಿಸಬೇಕು, ಏಕೆಂದರೆ ಜನ ಬೇರೆ ಕಾರಣಗಳಿಂದಲೂ ಸಾಯುತ್ತಾರೆ. ಅಂಥಲ್ಲಿ ರೋಗಿಗಳ ಮರಣ ಪ್ರಮಾಣವನ್ನು ಅದೇ ವಯಸ್ಸು, ಅದೇ ಲಿಂಗದ ಸಾಮಾನ್ಯ ಜನರದರ ಜೊತೆ ಹೋಲಿಸಿ, ಎರಡೂ ಒಂದಾದ ಕಾಲಕ್ಕೆ ಗುಂಪು ಗುಣವಾಯಿತು ಎನ್ನುತ್ತಾರೆ. ಇದಕ್ಕೂ ಮಿತಿಗಳಿವೆ. ಹಾಡ್ಜ್‌ಕಿನ್ ಲಿಂಫೋಮಾದಿಂದ ಪಾರಾದವರಲ್ಲಿ ವಿಕಿರಣ ಮತ್ತು ಔಷಧಿಗಳ ಫಲವಾಗಿ ಹಲವು ವರ್ಷಗಳ ನಂತರ ಹೃದ್ರೋಗವೋ ಎರಡನೆಯ ಕ್ಯಾನ್ಸರೋ ಬರುವುದುಂಟು. ಮೂಲ ರೋಗ ಪೂರ್ತಿ ಹೋಗಿದ್ದರೂ ಅವರ ಮರಣ ಪ್ರಮಾಣ ಸಾಮಾನ್ಯರದಕ್ಕಿಂತ ಮೇಲೆಯೇ ಇರುತ್ತದೆ, ಲೆಕ್ಕದಲ್ಲಿ ಅವರು ಗುಣವಾಗದವರಾಗಿ ಕಾಣಿಸುತ್ತಾರೆ. ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ ಧೂಮಪಾನಿಗಳೇ ಹೆಚ್ಚಾಗಿರುವುದರಿಂದ ಅವರನ್ನು ಸಾಮಾನ್ಯ ಜನರ ಜೊತೆ ಹೋಲಿಸುವುದೂ ಅಷ್ಟೇ ತೊಡಕು.

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊದಲನೆಯದು ಅಂತರ್ಜಾಲದ ಕ್ಯಾಲ್ಕುಲೇಟರ್‌ಗಳಲ್ಲಿ ಅಕ್ಕನ ವಿವರ ತುಂಬಿ ನೋಡುವುದು. ಅದರ ಅಪಾಯವೆಂದರೆ ಬಹುಪಾಲು ಕ್ಯಾಲ್ಕುಲೇಟರ್‌ಗಳು ಶಸ್ತ್ರಚಿಕಿತ್ಸೆಯ ದಿನದಿಂದ ಎಣಿಸುತ್ತವೆ, ಕಳೆದ ನಾಲ್ಕು ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವುಗಳ ಹಿಂದಿರುವ ಮಾಹಿತಿ ಹತ್ತು ಹದಿನೈದು ವರ್ಷಗಳ ಹಿಂದೆ ಚಿಕಿತ್ಸೆ ಪಡೆದವರದಾಗಿರುವುದೂ ಸಾಮಾನ್ಯ, ಹಾಗಾಗಿ ಅಂಕಿ ಅನಗತ್ಯವಾಗಿ ಹೆದರಿಸಬಹುದು. ಎರಡನೆಯದು, ನನಗೆ ಹೆಚ್ಚು ಸರಿಯೆನಿಸುವುದು, ವೈದ್ಯರಿಗೆ ಕೇಳುವ ಪ್ರಶ್ನೆಯನ್ನೇ ಬದಲಿಸುವುದು. ‘ಗುಣವಾಗಿದೆಯೆ’ ಎಂದು ಕೇಳಿದರೆ ಅವರು ಜಾರಿಕೊಳ್ಳದೆ ಬೇರೆ ದಾರಿಯಿಲ್ಲ, ಏಕೆಂದರೆ ಆ ಉತ್ತರ ಯಾರಿಗೂ ಗೊತ್ತಿಲ್ಲ. ‘ಈ ಹಂತದ ರೋಗವಿದ್ದು, ನಾಲ್ಕು ವರ್ಷ ಮರುಕಳಿಸದೆ ಇರುವವರಲ್ಲಿ, ಮುಂದಿನ ಎರಡು ಮೂರು ವರ್ಷಗಳಲ್ಲಿ ನೂರಕ್ಕೆ ಎಷ್ಟು ಮಂದಿಗೆ ಮರಳುತ್ತದೆ’ ಎಂದು ಕೇಳಿ. ಎಂದೆಂದಿಗೂ ಎಂಬುದರ ಬಗ್ಗೆ ಮಾದರಿಗಳು ಎಷ್ಟೇ ಕಿತ್ತಾಡಲಿ, ಹತ್ತಿರದ ಎರಡು ಮೂರು ವರ್ಷಗಳ ಬಗ್ಗೆ ಅವುಗಳ ಉತ್ತರಗಳು ಬಹಳ ದೂರವಿರುವುದಿಲ್ಲ. ಅಷ್ಟು ಕಾಲ ರೋಗಿಗಳನ್ನು ಕಣ್ಣಾರೆ ನೋಡಿದ ಮಾಹಿತಿ ಇರುತ್ತದೆ. ಗಡ್ಡೆ ಎಷ್ಟು ಆಳಕ್ಕೆ ಇಳಿದಿತ್ತು, ಎಷ್ಟು ದುಗ್ಧಗ್ರಂಥಿಗಳಲ್ಲಿ ರೋಗವಿತ್ತು ಎಂಬುದರ ಮೇಲೆ ಮೂರನೇ ಹಂತದೊಳಗೇ ಅಪಾಯ ಬಹಳ ಬದಲಾಗುವುದರಿಂದ, ತೆಗೆದ ಗಡ್ಡೆಯನ್ನು ಪರೀಕ್ಷಿಸಿ ಬರೆದ ಪೆಥಾಲಜಿ ವರದಿಯನ್ನು ಜೊತೆಯಲ್ಲೇ ಒಯ್ಯಿರಿ.

ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ಹುಡುಕುವ ಪರೀಕ್ಷೆಯ ಬಗ್ಗೆಯೂ ನೀವು ಕೇಳಿರಬಹುದು. ಗುಂಪಿನ ಊಹೆಯನ್ನು ಬಿಟ್ಟು ಒಬ್ಬ ವ್ಯಕ್ತಿಯಲ್ಲೇ ಉಳಿದ ರೋಗವನ್ನು ನೋಡಲು ಯತ್ನಿಸುವುದರಿಂದ ನನ್ನಂಥವರಿಗೂ ಅದರಲ್ಲಿ ಆಸಕ್ತಿಯಿದೆ. ಆದರೆ ಫಲಿತಾಂಶ ‘ಇಲ್ಲ’ ಎಂದು ಬಂದ ಮಾತ್ರಕ್ಕೆ ರೋಗವೇ ಇಲ್ಲವೆಂದಲ್ಲ. ಬಹಳ ಕಡಿಮೆ ಪ್ರಮಾಣದ ಡಿಎನ್‌ಎ ಪರೀಕ್ಷೆಯ ಕಣ್ಣು ತಪ್ಪಿಸುತ್ತದೆ.

ಪರೀಕ್ಷೆಗಳನ್ನು ನಿಲ್ಲಿಸುವುದು ಮೂರನೆಯ ದಾರಿ, ಇಲ್ಲಿ ಎರಡು ಸಂಗತಿಗಳನ್ನು ಬೆರೆಸಬಾರದು. ಹಳೆಯ ರೋಗ ಮರಳಿತೆ ಎಂದು ನೋಡುವ ಸಿಟಿ ಸ್ಕ್ಯಾನ್ ಮತ್ತು ಸಿಇಎ (ಗಡ್ಡೆಯ ಸುಳಿವು ಕೊಡುವ ಒಂದು ಪ್ರೋಟೀನ್) ರಕ್ತಪರೀಕ್ಷೆಗಳನ್ನು ಐದು ವರ್ಷದ ನಂತರ ನಿಲ್ಲಿಸುವುದು ಅಥವಾ ಕಡಿಮೆ ಮಾಡುವುದು ಸಾಮಾನ್ಯ ಕ್ರಮವೇ. ಆ ಹೊತ್ತಿಗೆ ಸಿಗುವ ಲಾಭ ಕಿರಿದಾಗಿ, ಇಲ್ಲದ ಗಾಬರಿ ಹುಟ್ಟಿಸುವ ತಪ್ಪು ಸುಳಿವುಗಳ ಪಾಲು ಹೆಚ್ಚುತ್ತದೆ. ದೊಡ್ಡಕರುಳಿನ ಒಳಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಕೊಲೊನೋಸ್ಕೋಪಿಯ ಲೆಕ್ಕವೇ ಬೇರೆ. ಅದರ ಮುಖ್ಯ ಕೆಲಸ ಕರುಳಿನಲ್ಲಿ ಹೊಸದಾಗಿ ಹುಟ್ಟುವ ಪಾಲಿಪ್ ಎಂಬ ಸಣ್ಣ ಗಂಟುಗಳನ್ನು ಕ್ಯಾನ್ಸರ್ ಆಗುವ ಮೊದಲೇ ತೆಗೆದುಹಾಕುವುದು. ಒಮ್ಮೆ ದೊಡ್ಡಕರುಳಿನ ಕ್ಯಾನ್ಸರ್ ಬಂದವರಲ್ಲಿ ಹೊಸದೊಂದು ಹುಟ್ಟುವ ಅಪಾಯ ಇತರರಿಗಿಂತ ಹೆಚ್ಚು, ಹಳೆಯದು ನೂರಕ್ಕೆ ನೂರು ಗುಣವಾಗಿದ್ದರೂ ಅದು ತಗ್ಗುವುದಿಲ್ಲ. ಕ್ಯೂರ್ ಮಾದರಿಯ 94 ಆಗಲಿ 78 ಆಗಲಿ ಈ ಹೊಸ ರೋಗದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಐದು ವರ್ಷ ತುಂಬಿದ ಮೇಲೂ ಹಿಂದಿನ ಕೊಲೊನೋಸ್ಕೋಪಿಯಲ್ಲಿ ಏನು ಕಂಡಿತ್ತು ಎಂಬುದರ ಮೇಲೆ ಮುಂದಿನದು ಯಾವಾಗ ಎಂದು ವೈದ್ಯರಿಂದ ಬರೆಸಿಕೊಳ್ಳಿ. ನಲವತ್ತೇಳನೇ ವಯಸ್ಸಿಗೇ ರೋಗ ಬಂದಿರುವುದರಿಂದ ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ಕಾರಣವಿದೆಯೇ ಎಂದು ಗಡ್ಡೆಯ ಮಾದರಿಯಲ್ಲಿ ಪರೀಕ್ಷಿಸಿದ್ದಾರೆಯೆ ಎಂದೂ ಕೇಳಿ. ಲಿಂಚ್ ಸಿಂಡ್ರೋಮ್ ಇದೆಯೆಂದು ತಿಳಿದರೆ ಕೊಲೊನೋಸ್ಕೋಪಿಯ ಅಂತರ ಕಡಿಮೆಯಾಗುತ್ತದೆ, ಒಡಹುಟ್ಟಿದವರಾದ ನೀವೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ.